ಮೂರನೇ ಕೌಂಟರು

ಶುಕ್ರವಾರ ಸಂಜೆ ಆರೂಮುಕ್ಕಾಲಿಗೆ ಆ ಕಾಗದ ಬಂತು,
ನಾನು ಚಿಲ್ಲರೆ ಚೀಲಕ್ಕೆ ದಾರ ಕಟ್ಟುತ್ತಿದ್ದೆ.
ಎರಡೇ ಪುಟ. ಇಂಗ್ಲಿಷು, ಕೆಳಗೊಂದು ಮುದ್ರೆ.
ಮ್ಯಾನೇಜರು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಓದಿ
'ಇನ್ನು ಆರು ತಿಂಗಳು ಒಬ್ಬರಿಗೆ ಹತ್ತೇ ಸಾವಿರ' ಎಂದರು,
ಯಾರದೋ ಮನೆಯ ಸಾವು ತಿಳಿಸುವವರ ಹಾಗೆ
ದನಿ ತಗ್ಗಿಸಿ.

ಸೋಮವಾರ ಜೋಡಿ ರಸ್ತೆಯವರೆಗೂ ಸಾಲು.
ಊರಿನ ಹೆಸರೇ ಚಿಂತಾಮಣಿ.
ಮಣಿ ಯಾರ ಕೈಗೆ ಹೋಯಿತೋ,
ಸಾಲಿನಲ್ಲಿ ನಿಂತವರಿಗೆ ಮೊದಲರ್ಧ ಉಳಿದಿತ್ತು.

ಹುಣಸೆ ಬಿಡಿಸುವ ಯರ್ರಮ್ಮ, ಬೆರಳ ಸಂದಿಯಲ್ಲಿ ಇನ್ನೂ ಕಪ್ಪು ನಾರು,
'ನಾ ದುಡ್ಡು ಎಕ್ಕಡಮ್ಮಾ, ಕ್ಯಾಶಮ್ಮಾ?' ಅಂದಳು.
ಎಲ್ಲರೂ ನನ್ನನ್ನು ಕರೆಯುವುದೇ ಹಾಗೆ.
ಇಪ್ಪತ್ತೆರಡು ವರ್ಷ ಎಣಿಸಿ ಕೊಟ್ಟ ಕೈಗೆ
ಅವತ್ತು ಕೆಲಸವಿಲ್ಲ, ಬಾಯಿಗೆ ಮಾತ್ರ.
'ಇದೆ. ಆದರೆ ಇಲ್ಲ.'
ಅದಕ್ಕಿಂತ ಚೆನ್ನಾಗಿ ಆ ಎರಡು ಪುಟವನ್ನು ಕನ್ನಡಕ್ಕೆ ತರಲು
ನನಗೆ ಬರಲಿಲ್ಲ.

ಪಿಗ್ಮಿ ಸೊಣ್ಣಪ್ಪ ಒಳಗೆ ಬರಲೇ ಇಲ್ಲ,
ಹಿಂದಿನ ಓಣಿಯಲ್ಲಿ ಸೈಕಲ್ಲಿಗೆ ಒರಗಿ ನಿಂತಿದ್ದ.
ಬೋಂಡಾದಂಗಡಿ, ಪಂಕ್ಚರು, ಹೂವು, ಸೆಲೂನು:
ದಿನಕ್ಕೆ ಇಪ್ಪತ್ತು, ಐವತ್ತು,
ಎಲ್ಲರ ನಂಬಿಕೆಗೂ ರಸೀತಿ ಹರಿದು ಕೊಟ್ಟವನು ಅವನು.
ಬೈಯಲು ಮುಂಬೈ ದೂರ,
ಸೊಣ್ಣಪ್ಪನ ಮನೆ ಹತ್ತಿರ.

ಪಿಳ್ಳಪ್ಪ ಮೇಷ್ಟ್ರು ಗಾಜಿನ ಕಿಂಡಿಗೆ ಬಾಯಿಟ್ಟು ಕೇಳಿದರು:
'ಆ ರಿಸರ್ವ್ ಬ್ಯಾಂಕಿನವರಿಗೆ ನಾವೇನಮ್ಮ ಅನ್ಯಾಯ ಮಾಡಿದ್ವಿ?
ನೆಟ್ಟಗೆ ನಡೀತಿದ್ದ ಬ್ಯಾಂಕಿಗೆ ಬೀಗ ಹಾಕಿದರಲ್ಲ!'
ಸಾಲು ಹೂಂಗುಟ್ಟಿತು.
ನಾನು ರಬ್ಬರ್ ಬ್ಯಾಂಡು ಬಿಚ್ಚಿದೆ, ಹಾಕಿದೆ, ಬಿಚ್ಚಿದೆ.

ನೆಟ್ಟಗೆ.
ಹೇಳಲೇ ಮೇಷ್ಟ್ರೇ?
ವರ್ಷವೂ ತಪಾಸಣೆಗೆ ಬಂದವರು ಒಬ್ಬಟ್ಟಿನ ಊಟ ಉಂಡು
ಲೆಡ್ಜರಿನ ಮೇಲೊಂದು ಟಿಕ್ಕು ಹಾಕಿ ಹೋಗುತ್ತಿದ್ದರು.
ಹೋದ ಮಾಘದಲ್ಲಿ ಬಂದಳು ಒಬ್ಬ ಹುಡುಗಿ,
ಡಬ್ಬಿಯಲ್ಲಿ ತಾನೇ ತಂದ ಚಿತ್ರಾನ್ನ.
ಒಬ್ಬಟ್ಟು ಆರಿತು.
ಕೋಳಿ ಫಾರಮ್ಮಿನ ಸಾಲ ನಲವತ್ತೆರಡು, ಒಂದೇ ದಿನ ಮಂಜೂರು.
ಮುನಿಶಾಮಪ್ಪ, ಗಂಗುಲಪ್ಪ, ದ್ಯಾವಪ್ಪ, ಚೌಡಪ್ಪ...
ಅವಳು ಹೆಸರು ಓದಲಿಲ್ಲ,
ಸಹಿಗಳ ಕೊನೆಯ ಒತ್ತಕ್ಷರವನ್ನಷ್ಟೇ ನೋಡುತ್ತ ಹೋದಳು:
ನಲವತ್ತೆರಡು ಅಪ್ಪಂದಿರ ಬಾಲವೂ
ಒಂದೇ ಕಡೆಗೆ ವಾಲಿ, ತುದಿಯಲ್ಲೊಂದು ಕೊಂಡಿ.

ಅದು ಯಾರ ಕೈ ಎಂದು ಅವಳಿಗೆ ಗೊತ್ತಿರಲಿಲ್ಲ.
ನನಗೆ ಗೊತ್ತಿತ್ತು.
ಅಧ್ಯಕ್ಷರ ಭಾವಮೈದ ಒಬ್ಬನೇ ಬಂದಿದ್ದ, ಅಷ್ಟೂ ಸ್ಲಿಪ್ಪು ಹಿಡಿದು.
ಎಣಿಸಿ ಕೊಟ್ಟವಳು ನಾನೇ.
ಒಂದು ಕೋಳಿಯ ಪುಕ್ಕವನ್ನೂ ಕಾಣಲಿಲ್ಲ,
ಕೇಳಲೂ ಇಲ್ಲ.

ಹಾಗಾಗಿ ನಾನು ಶಪಿಸಲಾರೆ.
ಆ ಎರಡು ಪುಟ ನಾಲ್ಕು ವರ್ಷ ಮುಂಚೆ ಬರಬೇಕಿತ್ತು,
ಅಷ್ಟೇ ನನ್ನ ತಕರಾರು.
ಬೆಂಕಿ ಬಿದ್ದ ಮನೆಯ ಬಾಗಿಲು ಒಡೆದವನನ್ನು ಕಳ್ಳ ಅನ್ನಲಾದೀತೇ?
ಆದರೂ ಒಡೆದ ಬಾಗಿಲು ಒಡೆದದ್ದೇ.
ಮಗಳ ಸೀಮಂತದ ಸೀರೆಯನ್ನು ಮಡಿಕೆ ಬಿಚ್ಚದೆ
ಅಂಗಡಿಗೆ ಹಿಂದಿರುಗಿಸಿದ ನಂಜಕ್ಕನಿಗೆ
ಯಾವ ಸುತ್ತೋಲೆ ಓದಿ ಹೇಳಲಿ?

ಮೂರು ತಿಂಗಳಿಗೆ ವಿಮೆ ಬಂತು, ಐದು ಲಕ್ಷದವರೆಗೆ.
ಸಣ್ಣವರು ಪೂರಾ ಪಾರಾದರು.
ಮೇಷ್ಟ್ರದು ಒಂಬತ್ತಿತ್ತು.
ಹಿರಿಯರಿಗೆ ಅರ್ಧ ಪರ್ಸೆಂಟು ಹೆಚ್ಚು ಎಂದು
ಪಿಂಚಣಿಯ ಗಂಟನ್ನೆಲ್ಲ ಇಲ್ಲೇ ಇಟ್ಟಿದ್ದರು.
ಆ ಅರ್ಧ ಪರ್ಸೆಂಟಿನ ಬೋರ್ಡು ಬರೆದದ್ದು ನಾನು,
ನನ್ನ ಅಕ್ಷರ ದುಂಡಗಿದೆ ಎಂದು.

ಯರ್ರಮ್ಮನ ನಲವತ್ತೊಂದು ಸಾವಿರದ ಆರುನೂರು
ಬೇರೆ ಬ್ಯಾಂಕಿಗೆ ಸೇರಿತು.
ಮರುದಿನವೂ ಬಂದಳು: 'ಆ ಹಳೇ ಪುಸ್ತಕ ಕೊಡಮ್ಮ.
ಅದರಾಗೆ ನನ್ನ ಫೋಟೋ ಐತೆ.
ಆಧಾರ್ ಕಾರ್ಡಿನೋಳು ನನ್ನಂಗಿಲ್ಲ.'

ಕೊಡುವ ಮುಂಚೆ 'ರದ್ದು' ಎಂದು ಮೊಹರು ಒತ್ತಬೇಕು, ಅದು ನಿಯಮ.
ಮುಖ ಬಿಟ್ಟು,
ಮೂಗುಬೊಟ್ಟು ಬಿಟ್ಟು,
ಸೆರಗಿನ ಅಂಚಿಗೂ ತಾಗದ ಹಾಗೆ
ಕೆಳಗೆ, ಓರೆಯಾಗಿ ಒತ್ತಿದೆ.
ಯರ್ರಮ್ಮ ಗಾಜಿನಾಚೆ ನಿಂತು
ಉಫ್ ಉಫ್ ಎಂದು ಊದಿ
ಶಾಯಿ ಒಣಗಿಸಿಕೊಂಡಳು.